ರುಮಾಲಿನ ಕೆಳಗಿನ ಕಜ್ಜಿ

ನನ್ನ ಬಲಗೈ ಮೂಗಿನ ಹತ್ತಿರ ಬಂದರೆ ನನಗೇ ವಾಕರಿಕೆ ಬರುತ್ತಿದ್ದ ಕಾಲವೊಂದಿತ್ತು. ಊಟಕ್ಕೆ ಕೂತರೆ ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದೆ. ಬಲಗೈಯನ್ನು ಸತ್ತ ಇಲಿ ಅಡಗಿಸಿಟ್ಟವನ ಹಾಗೆ ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಇವತ್ತು ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಕೊನೆಯ ಎರಡು ಬೆರಳು ಮಡಚುವುದಿಲ್ಲ, ನೆಟ್ಟಗೆ ಕೋಲಿನ ಹಾಗೆ ನಿಂತಿರುತ್ತವೆ. ಲೇಖನಿ ಹಿಡಿಯಲು ಉಳಿದ ಮೂರು ಸಾಕು.

ಬರೆಯಬೇಕೆಂದು ಅನ್ನಿಸಿದ್ದು ಹೋದ ತಿಂಗಳು. ಒಬ್ಬ ರೈತ ಆಕಳ ವಿಷಯ ಕೇಳಲು ಮನೆಗೆ ಬಂದ. ಚಹಾ ಕೊಟ್ಟರೆ ಕಪ್ಪನ್ನು ಅಂಗಿಯ ತೋಳಿನೊಳಗಿಂದ ಹಿಡಿದ. ನಾನು ದಲಾಲ. ಮನುಷ್ಯ ಏನನ್ನಾದರೂ ಮುಚ್ಚಿಟ್ಟರೆ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ತೋಳು ಸರಿಸಿ ನೋಡಿದೆ. ಬೆರಳ ಸಂದಿಯಲ್ಲಿ ನೀರುಗುಳ್ಳೆ, ಮೇಲೆ ಹಳದಿ ಹಕ್ಕಳೆ. "ಬೆವರಸಾಲಿ ರೀ ಅದು" ಅಂದ. ಅದೇ ಸುಳ್ಳನ್ನು ನಾನು ಅವನಿಗಿಂತ ಚೆನ್ನಾಗಿ ಹೇಳುತ್ತಿದ್ದೆ. ಹೇಳಿ ಹೇಳಿಯೇ ಕೈ ಕಳೆದುಕೊಳ್ಳುವ ತನಕ ಬಂದಿದ್ದೆ. ಇಂಥ ಸುಳ್ಳು ಹೇಳಿಕೊಂಡು ಒಬ್ಬರೇ ತುರಿಸಿಕೊಳ್ಳುತ್ತ ಕೂತವರಿಗಾಗಿ ಇದನ್ನು ಬರೆದಿದ್ದೇನೆ.

ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ನನಗೆ ಕುರಿಯ ಹಿಂದೆ ಅಲೆಯುವುದು ಒಗ್ಗಲಿಲ್ಲ. ಇಪ್ಪತ್ತರ ಹೊತ್ತಿಗೆ ನಿಲಂಗಾಕ್ಕೆ ಬಂದು ಮನೆ ಹಿಡಿದು, ಉದಗೀರಿನ ದನದ ಸಂತೆಯಲ್ಲಿ ಉಸ್ಮಾನಸಾಬ್ ಎಂಬ ಹಳೆಯ ದಲಾಲನ ಹಿಂದೆ ನಿಂತು ಕಸುಬು ಕಲಿತೆ. ಓದಿದ್ದು ಕಡಿಮೆ. ಆದರೆ ಎತ್ತಿನ ಹಲ್ಲು, ಗೊರಸು, ಮಾರುವವನ ಮುಖ, ಈ ಮೂರನ್ನು ಓದಲು ನನ್ನಷ್ಟು ಬಲ್ಲವರು ಆ ಸಂತೆಯಲ್ಲಿ ನಾಲ್ಕು ಮಂದಿ ಇರಲಿಲ್ಲ.

ಆ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಮಾರುವವನ ಕೈಯೂ ದಲಾಲನ ಕೈಯೂ ಒಂದು ರುಮಾಲಿನ ಕೆಳಗೆ ಸೇರುತ್ತಿದ್ದವು. ಒಂದು ಬೆರಳು ಹಿಡಿದರೆ ಒಂದು ಅಂಕಿ, ಮೂರು ಬೆರಳು ಕೂಡಿಸಿ ಒತ್ತಿದರೆ ಇನ್ನೊಂದು, ಕೊನೆಯ ಎರಡು ಬೆರಳು ಮಡಚಿ ಅಂಗೈಗೆ ತಾಗಿಸಿದರೆ ಮತ್ತೊಂದು. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತಿತ್ತು. ರುಮಾಲಿನ ಕೆಳಗೆ ನಡೆದದ್ದನ್ನು ಹೊರಗೆ ಆಡಬಾರದು, ಅದು ಮೊದಲ ನೇಮ. ಆಡಿದವನಿಗೆ ಮರುಸಂತೆಯಲ್ಲಿ ಯಾರೂ ಕೈ ಕೊಡುತ್ತಿರಲಿಲ್ಲ. ಇನ್ನೊಂದು ನೇಮವೂ ಇತ್ತು. ದಲಾಲನ ರುಮಾಲನ್ನು ತೊಳೆಯಬಾರದು. ತೊಳೆದರೆ ಅದರಲ್ಲಿ ಕೂತ ಬರಕತ್ತು, ಅಂದರೆ ಕಸುಬಿನ ಅದೃಷ್ಟ, ನೀರಿನ ಜೊತೆ ಹರಿದು ಹೋಗುತ್ತದೆ ಎಂಬ ನಂಬಿಕೆ.

ನನ್ನದು ಕೆಂಪು ರುಮಾಲು. ಉಸ್ಮಾನಸಾಬ್ ತನ್ನ ಎರಡರಲ್ಲಿ ಒಂದನ್ನು ನನಗೆ ಕೊಟ್ಟಿದ್ದ. ನನ್ನ ಕೈಗೆ ಬಂದ ಮೇಲೆ ಐದು ವರ್ಷ ಅದು ನೀರು ಕಂಡಿರಲಿಲ್ಲ, ಅದಕ್ಕೂ ಮೊದಲು ಎಷ್ಟು ವರ್ಷವೋ. ಹೋರಿಯ ಜೊಲ್ಲು, ಕೊಂಬಿಗೆ ಹಚ್ಚಿದ ಎಣ್ಣೆ, ತಂಬಾಕು ತಿಕ್ಕಿದ ಅಂಗೈಗಳು, ಮೂಗು ಒರೆಸಿಕೊಂಡು ಹಾಗೇ ಚಾಚಿದ ಬೆರಳುಗಳು, ಎಲ್ಲವೂ ಅದರಲ್ಲಿ ಒಣಗಿ ಬಟ್ಟೆ ಚರ್ಮದ ಹಾಗೆ ಗಡುಸಾಗಿತ್ತು. ಬಿಸಿಲಲ್ಲಿ ಬಿಚ್ಚಿದರೆ ಹುಳಿ ಹಿಟ್ಟಿನ ವಾಸನೆ. ಅಂಥದ್ದನ್ನು ನಾನು ಪ್ರತಿ ಸಂತೆಯ ಬೆಳಿಗ್ಗೆ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಈಗ ನೆನೆದರೆ ಮುಖ ತೊಳೆದುಕೊಂಡು ಬರಬೇಕು ಅನ್ನಿಸುತ್ತದೆ.

ಪೋಲೀಸ್ ಆಕ್ಷನ್ ಆಗಿ ಏಳೆಂಟು ವರ್ಷ ಕಳೆದಿತ್ತು. ಹೈದರಾಬಾದ್ ರಾಜ್ಯ ಒಡೆದು ನಮ್ಮ ತಾಲೂಕುಗಳು ಮುಂಬಯಿ ಕಡೆಗೆ ಸೇರುವ ಹೊತ್ತು. ಊರಿನ ಬೋರ್ಡುಗಳ ಮೇಲಿನ ಅಕ್ಷರ ಬದಲಾಗುತ್ತಿದ್ದವು. ಆ ಮಳೆಗಾಲದ ಕೊನೆಗೆ ನನ್ನ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು.

ಮೊದಲು ಕಂಡುಹಿಡಿದದ್ದು ಹೆಂಡತಿ ಲಕ್ಕವ್ವ.

"ಏನ್ರೀ ಅದು, ಬೆರಳ ಸಂದ್ಯಾಗ?"

"ಹೊಟ್ಟಿನ ಧೂಳು. ದನಕ್ಕ ಹಾಕೋ ಹೊಟ್ಟು ತಾಕ್ಯಾದ."

"ನಾ ಹೊಟ್ಟು ಮುಟ್ಟೇ ಇಲ್ಲ. ಮತ್ತ ನನಗ್ಯಾಕ ತುರಸ್ತದ?"

ಅವಳ ಮಣಿಕಟ್ಟಿನಲ್ಲೂ ಕೆಂಪು ಗುಳ್ಳೆ ಎದ್ದಿದ್ದವು. ಎರಡು ವರ್ಷದ ಮಗಳು ಸೇವಂತಿ ಹೊಟ್ಟೆಯನ್ನು ಗೋಡೆಗೆ ಉಜ್ಜುತ್ತಿದ್ದಳು. ನನ್ನ ಅವ್ವ ಮಾತ್ರ ನಿಶ್ಚಿಂತೆಯಾಗಿದ್ದಳು.

"ಮೈಯಾಗಿನ ಉಷ್ಣ ಹೊರಗ ಬರ್ಲತ್ತದ. ಬಂದಷ್ಟು ಛಲೋ. ತಡದ್ರ ಒಳಗ ಹೋಗಿ ಕೂಡ್ತದ" ಎನ್ನುತ್ತ ತಾನೂ ಸೊಂಟ ಕೆರೆದುಕೊಳ್ಳುತ್ತಿದ್ದಳು.

ಅದು ಕಜ್ಜಿ ಎಂದು ನನಗೆ ಗೊತ್ತಿತ್ತು. ಕುರಿಗಳಿಗೆ ಬರುವ ಕಜ್ಜಿ ನೋಡಿ ಬೆಳೆದವನಿಗೆ ಮನುಷ್ಯರ ಕಜ್ಜಿ ಗೊತ್ತಾಗದೇ ಇರುತ್ತದೆಯೇ? ಆದರೆ ಕಜ್ಜಿ ಕೈಯ ದಲಾಲನಿಗೆ ಯಾರು ಕೈ ಕೊಡುತ್ತಾರೆ? ಅದಕ್ಕೆ ಅರಿಸಿನ ಹಚ್ಚಿ, "ಹೋರಿ ಹಗ್ಗ ಎಳದು ಚರ್ಮ ಸುಲದದ" ಎಂದು ಹೇಳಿಕೊಂಡು ಸಂತೆ ಮಾಡಿದೆ. ನನ್ನ ಅನುಕೂಲಕ್ಕೆ ರುಮಾಲು ಇದ್ದೇ ಇತ್ತು. ಅದರ ಕೆಳಗೆ ಕೈ ಹೋದರೆ ಯಾರಿಗೂ ಕಾಣದು. ಮುಟ್ಟಿದವನು ಹೊರಗೆ ಆಡುವಂತಿಲ್ಲ. ಹಾಗೆ ಕಳೆದ ಎರಡು ತಿಂಗಳಲ್ಲಿ ಎಷ್ಟು ಕೈ ಹಿಡಿದೆನೋ ದೇವರಿಗೇ ಗೊತ್ತು.

ಆಮೇಲೆ ಒಂದು ದಿನ ನಿಜವಾಗಿಯೂ ಹಗ್ಗ ಎಳೆದು ಅಂಗೈ ಸುಲಿಯಿತು. ತುರಿಸಿ ತುರಿಸಿ ಹಸಿಯಾಗಿದ್ದ ಚರ್ಮ, ಮೇಲೆ ಸಗಣಿ ಮೆತ್ತಿದ ಹಗ್ಗ. ಮೂರು ದಿನದಲ್ಲಿ ಅಂಗೈ ಉಬ್ಬಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ನಾಡಿ ಬಡಿದಂತೆಲ್ಲ ಅಂಗೈಯೊಳಗೆ ಯಾರೋ ಒಳಗಿನಿಂದ ಗುದ್ದಿದ ಹಾಗೆ. ಜ್ವರ ಬಂತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಮ್ಮ ಓಣಿಯ ಹಿಂದೆ ಗಡ್ಡೆ ಕರಗಿಸುವವನೊಬ್ಬ ಇದ್ದ. ಅವನು ನನ್ನ ಮುಂದೆಯೇ ತಂಬಾಕು, ಸುಣ್ಣ, ಎಂಥದೋ ಸೊಪ್ಪು ಬಾಯಿಗೆ ಹಾಕಿಕೊಂಡು ಜಗಿದ. ಕಂದು ಹಲ್ಲು, ಒಸಡಿನಲ್ಲಿ ರಕ್ತ. ಚೆನ್ನಾಗಿ ಜಗಿದು, ಬಗ್ಗಿ, ಅದೆಲ್ಲವನ್ನೂ ನನ್ನ ಅಂಗೈ ಮೇಲೆ ಥೂ ಎಂದು ಉಗುಳಿದ. ಬೆಚ್ಚಗಿತ್ತು. ಹೆಬ್ಬೆರಳಿನಿಂದ ಒತ್ತಿ ಸವರಿ, ಮೇಲೆ ಪಾರಿವಾಳದ ಹಿಕ್ಕೆಯ ಪುಡಿ ಉದುರಿಸಿ ಕಟ್ಟಿದ.

"ಐದು ದಿನ ಬಿಚ್ಚಬ್ಯಾಡ ಮಾಳಪ್ಪ. ಒಳಗಿಂದ ಎಲ್ಲಾ ಎಳದು ತೆಗೀತದ."

ಐದು ದಿನ ಬಿಚ್ಚಲಿಲ್ಲ. ಎರಡನೆಯ ದಿನದಿಂದಲೇ ಲಕ್ಕವ್ವ ಹಾಸಿಗೆ ದೂರ ಎಳೆದುಕೊಂಡಳು. ನಾಲ್ಕನೆಯ ದಿನ ನೊಣಗಳು ನಾನು ಹೋದಲ್ಲೆಲ್ಲ ಬರತೊಡಗಿದವು. ಐದನೆಯ ದಿನ ಬಟ್ಟೆ ಬಿಚ್ಚಿದಾಗ ಹಳಸಿದ ಪುಂಡಿ ಪಲ್ಯಕ್ಕೂ ಸತ್ತ ಹಲ್ಲಿಗೂ ನಡುವಿನ ಒಂದು ವಾಸನೆ ಬಂತು. ಅಂಗೈಯ ನಡುವೆ ಹಸಿರು-ಹಳದಿ ಕೀವು, ಅದರಲ್ಲಿ ಸೊಪ್ಪಿನ ನಾರು. ಲಕ್ಕವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಉಮರ್ಗಾಕ್ಕ ನಡೀರಿ. ಅಲ್ಲಿ ಸುಯಿ ಹಾಕೋ ಡಾಕ್ಟರ್ ಅದಾನಂತ. ನೀವು ಬರದಿದ್ರ ನಾ ಕೂಸಿನ್ನ ತೊಗೊಂಡು ತೌರಿಗೆ ಹೋಗ್ತೀನಿ. ಈ ವಾಸನ್ಯಾಗ ನಾ ರೊಟ್ಟಿ ಬಡ್ಯಾಂಗಿಲ್ಲ" ಎಂದಳು. ಅವಳು ಹೆದರಿ ಅತ್ತಿದ್ದರೆ ನಾನು ಹೋಗುತ್ತಿರಲಿಲ್ಲ. ಅಸಹ್ಯಪಟ್ಟಳು, ಅದಕ್ಕೇ ಎದ್ದೆ.

ಮಗಳನ್ನು ಅವ್ವನ ಹತ್ತಿರ ಬಿಟ್ಟು ಇಬ್ಬರೂ ಹೊರಟೆವು. ಬಸ್ಸಿನಲ್ಲಿ ಮೊದಲು ನಮ್ಮ ಪಕ್ಕದವರು ಎದ್ದರು, ಆಮೇಲೆ ಮುಂದಿನವರು. ಕಂಡಕ್ಟರ್ ಮೂಗು ಹಿಡಿದು, "ಏ ಮಾಮಾ, ಚೀಲದಾಗ ಏನ್ ಸತ್ತದ? ಹೊರಗ ಒಗಿ" ಅಂದ. ಲಕ್ಕವ್ವ ಕಿಟಕಿಯಾಚೆ ನೋಡುತ್ತ, "ಒಗೀಲಿಕ್ಕ ಬರಲ್ಲಪ್ಪಾ, ಅದು ಇವ್ರ ಮೈಗೇ ಹತ್ಯಾದ" ಅಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು.

ಡಾಕ್ಟರರ ದವಾಖಾನೆ ಹೈದರಾಬಾದ್ ರಸ್ತೆಯ ಬದಿಗೆ ಎರಡು ಖೋಲಿಯದು. ಹೊರಗಿನ ಖೋಲಿಯಲ್ಲಿ ಒಂದೇ ಬೆಂಚು. ಒಬ್ಬ ಮುದುಕ ಕೆಮ್ಮಿ ಕೆಮ್ಮಿ ತನ್ನ ಕಾಲ ಸಂದಿಯಲ್ಲೇ ಉಗುಳಿ, ಹೆಬ್ಬೆರಳಿನಿಂದ ಮಣ್ಣು ಮುಚ್ಚುತ್ತಿದ್ದ. ಕಣ್ಣು ಬೇನೆಯ ಹುಡುಗಿಯೊಬ್ಬಳ ರೆಪ್ಪೆಗಳು ಅಂಟಿಕೊಂಡಿದ್ದವು, ಅವಳ ತಾಯಿ ಅದನ್ನು ಒರೆಸಿದ ಸೆರಗಿನಿಂದಲೇ ತೊಡೆಯ ಮೇಲಿನ ಕೂಸಿನ ಬಾಯಿ ಒರೆಸುತ್ತಿದ್ದಳು. ಎಲ್ಲರಿಗೂ ಸೇರಿ ಒಂದು ಮಡಕೆ, ಒಂದೇ ಲೋಟ. ಇವರ ಮೇಲೆಲ್ಲ ನನಗೆ ಎಷ್ಟು ಹೇಸಿಗೆಯಾಯಿತೆಂದರೆ ಹೊರಗೆ ಹೋಗಿ ನಿಂತೆ. ಆಗ ಅವರೂ ನಿಟ್ಟುಸಿರು ಬಿಟ್ಟರು. ನಾನು ಹೊರಗೆ ಹೋಗಲಿ ಎಂದೇ ಅವರು ಕಾಯುತ್ತಿದ್ದರು.

ಡಾಕ್ಟರರು ಮರಾಠಿಯವರು, ಕನ್ನಡ ಬರುತ್ತಿತ್ತು. ಕಟ್ಟು ಬಿಚ್ಚಿ ನೋಡಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಕಿಟಕಿ ತೆರೆದರು, ಅಷ್ಟೆ.

"ಇದರಾಗ ಏನೇನು ಹಾಕ್ಸಿದಿ?"

ಹೇಳಿದೆ.

"ಅಂವನ ಬಾಯಾಗ ಏನೇನಿತ್ತೋ ಅದೆಲ್ಲಾ ಈಗ ನಿನ್ನ ಕೈಯಾಗ ಅದ. ಕೀವು ತೆಗೀತೀನಿ. ಆಮ್ಯಾಲ ದಿನಾ ಒಂದು ಪೆನ್ಸಿಲಿನ್ ಸುಯಿ. ಹತ್ತು ದಿನ."

"ಹತ್ತು ಭಾಳಾತು ಸಾಹೇಬ್ರ. ನಾ ನಾಕು ಅಂತೀನಿ, ನೀವು ಆರು ಅನ್ರಿ. ಐದಕ್ಕ ಸೌದಾ ಮುಗಸೋಣ."

ಅವರು ನಗಲಿಲ್ಲ. "ನಿನ್ನ ಕೈಯಾಗಿನ ಕ್ರಿಮಿಗೆ ಸೌದಾ ತಿಳಿಯಂಗಿಲ್ಲ. ಹತ್ತು ಆಗಲಿಲ್ಲಂದ್ರ ಇಲ್ಲಿ ತನಕ ಕಡೀಬೇಕಾಗ್ತದ" ಎಂದು ನನ್ನ ಮಣಿಕಟ್ಟಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು. ತಣ್ಣಗಿನ ಬೆರಳು. ಆ ಗೆರೆ ಎಳೆದ ಜಾಗವನ್ನು ನಾನು ಇವತ್ತೂ ತೋರಿಸಬಲ್ಲೆ.

ಬಲಗೈ ಹೋದರೆ ನಾನು ಏನು? ಎಡಗೈಯನ್ನು ಯಾವ ರೈತನೂ ರುಮಾಲಿನ ಕೆಳಗೆ ಹಿಡಿಯುವುದಿಲ್ಲ, ಅದು ತೊಳೆದುಕೊಳ್ಳುವ ಕೈ. ಮತ್ತೆ ಕುರಿಯ ಹಿಂದೆ ಹೋಗಬೇಕು. ಕುರಿ ಕಾಯಲೂ ಎರಡು ಕೈ ಬೇಕು.

ಕೀವು ತೆಗೆದರು. ಧರ್ಮಶಾಲೆಯಲ್ಲಿ ಉಳಿದೆವು. ಐದು ಸುಯಿ ಆಗುವಷ್ಟರಲ್ಲಿ ಜ್ವರ ಬಿಟ್ಟಿತು, ಬಾವು ಇಳಿಯಿತು. ಆರನೆಯದಾದ ಮೇಲೆ ಗಾಯ ಒಣಗಿದಂತೆ ಕಂಡಿತು. ಮರುದಿನ ಉದಗೀರಿನ ಸಂತೆ. ಎರಡು ಸಂತೆ ತಪ್ಪಿಸಿಕೊಂಡಿದ್ದೆ. ಗಂಟು ಕಟ್ಟಿದೆ.

ಲಕ್ಕವ್ವ ಬಾಗಿಲಿಗೆ ಅಡ್ಡ ನಿಂತಳು. "ಡಾಕ್ಟರು ಹತ್ತು ಅಂದಾರ."

"ಹತ್ತು ಅಂದವರು ಆರಕ್ಕ ಇಳೀತಾರ. ಎಲ್ಲಾರೂ ಅಷ್ಟೇ. ಅವ್ರು ನಾಕು ಜಾಸ್ತಿ ಇಟ್ಟೇ ಹೇಳಿರ್ತಾರ."

"ಅವ್ರೇನು ಹೋರಿ ಮಾರ್ಲತ್ತಾರೇನು?"

ಅವಳ ಮಾತು ಕೇಳಬೇಕಾಗಿತ್ತು. ಅಷ್ಟು ವರ್ಷ ಎಲ್ಲರ ಕೈಯಿಂದ ಬಂದ ಅಂಕಿಯನ್ನು ಇಳಿಸಿದವನು ನಾನು. ಡಾಕ್ಟರರ ಅಂಕಿಯೂ ಅಂಥದೇ ಅಂದುಕೊಂಡೆ. ಇದನ್ನು ಓದುತ್ತಿರುವವರಲ್ಲಿ ವ್ಯಾಪಾರಸ್ಥರಿದ್ದರೆ ಒಂದು ಮಾತು ಕೇಳಿ: ದವಾಖಾನೆಯ ಅಂಕಿಯಲ್ಲಿ ನಮ್ಮ ನಿಮ್ಮ ಚೌಕಾಶಿಗೆಂದು ಇಟ್ಟ ಜಾಗ ಇರುವುದಿಲ್ಲ.

ಸಂತೆಗೆ ಹೋದೆ. ಕಟ್ಟಿದ ಕೈಗೆ ಯಾರೂ ಕೈ ಕೊಡುವುದಿಲ್ಲವೆಂದು ಹುಣಸೆ ಮರದ ಹಿಂದೆ ನಿಂತು ಕಟ್ಟು ಬಿಚ್ಚಿ ಒಗೆದೆ. ವಲಾಂಡಿಯ ಶಿವಲಿಂಗಪ್ಪನವರು ಒಂದು ಹೋರಿ ತಂದಿದ್ದರು. ನಾಲ್ಕು ತಲೆಮಾರಿನ ಹೊಲ, ಹಣೆ ತುಂಬ ವಿಭೂತಿ, ಹಗುರ ಮಾತಿನವರಲ್ಲ. ರುಮಾಲು ಹಾಸಿದೆ, ಕೈ ಒಳಗೆ ಹೋದವು. ಅವರ ಕೈ ನನ್ನ ಅಂಗೈಗೆ ತಾಗಿದ ಕೂಡಲೇ ಒಮ್ಮೆ ಹಿಂದೆ ಸರಿಯಿತು. ನನ್ನ ಮುಖ ನೋಡಿದರು. ನಾನು ಹೋರಿಯ ಕಡೆ ನೋಡಿದೆ. ಮತ್ತೆ ಕೈ ಕೊಟ್ಟರು. ವ್ಯಾಪಾರ ಮುಗಿಯಿತು. ಅವರು ಏನೂ ಅನ್ನಲಿಲ್ಲ. ಬದುಕಿದೆ ಅಂದುಕೊಂಡೆ.

ಎರಡು ದಿನಕ್ಕೆ ಚಳಿ ನಡುಕ. ಅಂಗೈಯಿಂದ ಮೊಣಕೈಯ ತನಕ ಕೆಂಪು ಗೆರೆ ಎದ್ದಿತು. ಲಕ್ಕವ್ವ "ನಾ ಹೇಳಿದ್ನಿ" ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ನನ್ನನ್ನು ಕಂಕುಳಿಗೆ ಕೈ ಕೊಟ್ಟು ಬಸ್ಸು ಹತ್ತಿಸಿದಳು.

ಈ ಸಲ ಡಾಕ್ಟರರು ಸಿಟ್ಟು ಮಾಡಿದರು. ಮರಾಠಿಯಲ್ಲಿ ಮಾಡಿದ್ದರಿಂದ ಪೂರ್ತಿ ಹೇಳುವುದಿಲ್ಲ. "ಗಾಢವ" ಎಂಬ ಶಬ್ದ ಎರಡು ಸಲ ಬಂತು, ಕತ್ತೆ ಎಂದು ಅರ್ಥ. ಮೂಗಿನ ಮೇಲೆ ಹತ್ತಿ ಇಟ್ಟು ಔಷಧ ಹನಿಸಿದರು. ಎಚ್ಚರಾಗುವಾಗ ಮೊದಲು ನೋಡಿದ್ದು ಕೈ ಇದೆಯೋ ಇಲ್ಲವೋ ಎಂದು. ಉದ್ದನೆಯ ಬಿಳಿ ಕಟ್ಟು ಇತ್ತು, ತುದಿಯಲ್ಲಿ ಐದು ಬೆರಳಿನ ಉಗುರು ಕಂಡವು. ಐದೂ ಇವೆ ಎಂದು ಎಣಿಸಿ ಅತ್ತೆ.

ಡಾಕ್ಟರರು ಒಂದು ತಟ್ಟೆ ತಂದು ಮುಂದೆ ಹಿಡಿದರು. ಅದರಲ್ಲಿ ಬೂದು ಬಣ್ಣದ, ಕೊಳೆತ ದಾರದ ಎಳೆಯಂಥವು ಬಿದ್ದಿದ್ದವು.

"ಇವು ಬೆರಳು ಮಡಚೋ ನರ. ಎರಡು ಬೆರಳಿಂದು ಕೊಳತಾವ. ಬೆರಳು ಇರ್ತಾವ, ಮಡಚಂಗಿಲ್ಲ. ಉಳಿದ ಕೈ ಉಳೀಬೇಕಂದ್ರ ಈ ಸಲ ಎಷ್ಟು ದಿನ?"

"ಹತ್ತು."

"ಹದಿನಾಲ್ಕು" ಅಂದರು. ನಾನು ತಲೆ ಆಡಿಸಿದೆ.

ಹದಿಮೂರನೆಯ ದಿನ ಅವರು ನನ್ನ ಎಡಗೈ ಹಿಡಿದು ಬೆರಳ ಸಂದಿ ನೋಡಿದರು. ಅಲ್ಲಿ ಕಜ್ಜಿ ಹಾಗೇ ಇತ್ತು. ಲಕ್ಕವ್ವನ ಕೈ ನೋಡಿದರು.

"ಬೇರು ಇಲ್ಲೇ ಅದ. ಇದು ಚರ್ಮದೊಳಗ ಗೂಡು ಮಾಡಿ ಮೊಟ್ಟಿ ಇಡೋ ಹುಳ. ತುರಸ್ತಿ, ಚರ್ಮ ಹರೀತದ, ಅಲ್ಲಿಂದ ಕೀವಿನ ಕ್ರಿಮಿ ಒಳಗ ಹೋಗ್ತಾವ. ಯಾರ್ಯಾರ ಕೈ ಹಿಡೀತಿ ನೀ?"

"ಇಡೀ ಸಂತಿದು, ಸಾಹೇಬ್ರ."

ಅವರು ಬರೆಯುತ್ತಿದ್ದ ಕಾಗದ ಕೆಳಗಿಟ್ಟರು. "ಹಂಗಾದ್ರ ಇಡೀ ಸಂತಿಗಿ ಒಂದೇ ದಿನ ಔಷಧ ಹಚ್ಚು. ಇಲ್ಲಂದ್ರ ಅವ್ರಿಂದ ನಿನಗ, ನಿನ್ನಿಂದ ಅವ್ರಿಗೆ. ಮತ್ತ ಇಲ್ಲೇ ಬರ್ತಿ. ಆಗ ನಾ ತಟ್ಟ್ಯಾಗ ಏನು ಹಾಕಿ ತೋರಸ್ತೀನಿ ಅಂತ ನಿನಗ ಗೊತ್ತದ."

ಹಾಲಿನಂಥ ಬಿಳಿ ಔಷಧದ ಬಾಟಲಿಗಳನ್ನು ಕಟ್ಟಿಕೊಟ್ಟರು. ಹೇಗೆ ಹಚ್ಚಬೇಕೆಂದು ಲಕ್ಕವ್ವನಿಗೆ ಹೇಳಿದರು, ನನಗಲ್ಲ. ಕುತ್ತಿಗೆಯಿಂದ ಅಂಗಾಲಿನ ತನಕ, ಒಂದು ಚೂರೂ ಬಿಡದೆ, ಕೂಸಿಗೆ ನೀರು ಬೆರೆಸಿ, ಮರುದಿನ ಇನ್ನೊಮ್ಮೆ, ಉಟ್ಟದ್ದು ಹಾಸಿದ್ದು ಎಲ್ಲ ಕುದಿಸಬೇಕು.

ಮನೆಯಲ್ಲಿ ಯುದ್ಧ ಅವ್ವನ ಜೊತೆ. "ನನಗೇನಾಗಿಲ್ಲ, ಉಷ್ಣ" ಎಂದು ಕಂಬ ಹಿಡಿದು ಕೂತಳು. ಲಕ್ಕವ್ವ ಸೇವಂತಿಯನ್ನು ಎತ್ತಿ ತಂದು, ಹೊಟ್ಟೆಯ ಮೇಲಿನ ಅಂಗಿ ಸರಿಸಿ, "ಇದು ನಿಮ್ಮ ತೊಡಿ ಮ್ಯಾಲೇ ಮಲಗೋದಲ್ಲ ಅತ್ತಿ? ಇದರ ಉಷ್ಣಾನೂ ಹಿಂಗೇ ಹೊರಗ ಬರ್ಲೇನು?" ಅಂದಳು. ಕೂಸಿನ ಹೊಟ್ಟೆಯ ಮೇಲೆ ಕೆರೆದ ಗೀರುಗಳಲ್ಲಿ ಹಕ್ಕಳೆ ಕಟ್ಟಿತ್ತು. ಅವ್ವ ಎದ್ದು ಬಚ್ಚಲಿಗೆ ಹೋದಳು. ಔಷಧ ಹಚ್ಚಿದಾಗ ಹಸಿ ಗಾಯಕ್ಕೆ ಉರಿದು ಮೂರು ಹೆಣ್ಣುಗಳೂ ಮೂರು ಸ್ವರದಲ್ಲಿ ನನ್ನನ್ನೇ ಬೈದರು. ಸೇವಂತಿಗೆ ಮಾತು ಬರುತ್ತಿರಲಿಲ್ಲ, ಆದರೂ ಬೈದಳು ಎಂದೇ ನನ್ನ ಲೆಕ್ಕ. ಮೂರನೆಯ ದಿನ ಅವಳು ಮಧ್ಯಾಹ್ನ ಎರಡು ತಾಸು ಕೈಕಾಲು ಚಾಚಿ ಅಲುಗಾಡದೆ ಮಲಗಿದಳು. ಎಷ್ಟೋ ವಾರಗಳಿಂದ ಆ ಕೂಸು ಹಾಗೆ ಮಲಗಿದ್ದನ್ನು ನಾವು ನೋಡಿರಲಿಲ್ಲ.

ಆಮೇಲೆ ಸಂತೆ. ಸಂತೆಯ ಹಿಂದಿನ ದಿನ ಉಸ್ಮಾನಸಾಬನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಅಂಗಿಯ ತೋಳು ಮೊಣಕೈಯ ತನಕ ಏರಿಸಿ ನನ್ನ ಮುಂದೆ ಚಾಚಿದ. ಹಳೆಯದು, ಒಣಗಿ ಕಪ್ಪಾಗಿ ಮತ್ತೆ ಹೊಸದಾಗಿ ಎದ್ದದ್ದು.

"ಎರಡು ವರ್ಷ ಆತು ಬೇಟಾ."

"ಎರಡು ವರ್ಷ! ಹೇಳಿಲ್ಲಲ್ಲ ಉಸ್ತಾದ್?"

"ನೀ ಹೇಳಿದ್ಯಾ? ಕೈ ಮಂದಿ ಕಂಡ್ರ ರೋಟಿ ಹೋಗ್ತದ."

ಅವನು ನನಗೆ ಕಸುಬು ಕಲಿಸಿದವನು. ಆದರೂ ಆ ಕ್ಷಣ ಅವನ ಮೇಲೆ ಉಗುಳಬೇಕು ಅನ್ನಿಸಿತು. ಆಮೇಲೆ ನನ್ನ ಮೇಲೆ ನಾನೇ ಉಗುಳಿಕೊಳ್ಳಬೇಕಾಗುತ್ತದೆ ಎಂದು ನೆನಪಾಗಿ, ಹೇಗೆ ಮಾಡೋಣ ಎಂದು ಕೇಳಿದೆ. ಹಿರಿಯ ಅವನೇ, ಅವನು ಒಪ್ಪಿದರೆ ಉಳಿದವರು ಒಪ್ಪುತ್ತಾರೆ. ಔಷಧಕ್ಕೆ ಕೂಡಲೇ ಒಪ್ಪಿದ. ರುಮಾಲು ಕುದಿಸುವುದಕ್ಕೆ ಮಾತ್ರ ಇಲ್ಲ. "ಬರಕತ್ತು ಹೋಗ್ತದೋ ಮಾಳಪ್ಪ!"

"ಯಾವ ಬರಕತ್ತು ಉಸ್ತಾದ್? ಇದೇನು?" ಎಂದು ನನ್ನ ಎರಡು ನೆಟ್ಟನೆಯ ಬೆರಳು ಅವನ ಕಣ್ಣ ಮುಂದೆ ಹಿಡಿದೆ. ನನ್ನ ಜೀವನದಲ್ಲಿ ಅಷ್ಟು ಬೇಗ ಮುಗಿದ ಚೌಕಾಶಿ ಇನ್ನೊಂದಿಲ್ಲ.

ಮರುದಿನ ಸಂತೆ ಕೂಡುವ ಮೊದಲೇ ಚಹಾದ ಗುಡಿಸಲ ಹಿಂದೆ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿದೆವು. ದಲಾಲರೆಲ್ಲ ನಿಂತಿದ್ದರು, ಎಲ್ಲರ ಕೈ ಬಗಲಲ್ಲಿ. ಉಸ್ಮಾನಸಾಬ್ ಮೊದಲು ತೋಳು ಏರಿಸಿದ. ಆಮೇಲೆ ಒಬ್ಬ, ಇನ್ನೊಬ್ಬ. ಒಬ್ಬನ ಕೈ ಮಾತ್ರ ಶುದ್ಧ ಇತ್ತು, ಅವನು ಹೊಸಬ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಮುಟ್ಟಿ, ಒಬ್ಬರಿಗೊಬ್ಬರು ತಿಳಿದು, ಒಬ್ಬರೂ ಬಾಯಿ ಬಿಡದ ಮಂದಿ ನಾವು. ಎಲ್ಲರಿಗೂ ಔಷಧದ ಬಾಟಲಿ ಹಂಚಿ, ಇವತ್ತೇ ಮನೆಮಂದಿಯೆಲ್ಲ ಹಚ್ಚಿಕೊಳ್ಳಬೇಕು ಎಂದೆ. ರುಮಾಲುಗಳು ನೀರಿಗೆ ಬಿದ್ದವು. ನೀರು ಮೊದಲು ಕೆಂಪಾಯಿತು, ಆಮೇಲೆ ಕಂದು, ಕುದಿ ಬಂದಾಗ ಮೇಲೆ ಜಿಡ್ಡಿನ ನೊರೆ ಕಟ್ಟಿ ಅದರಲ್ಲಿ ಕೂದಲು ತೇಲಿದವು. ಆವಿ ಮುಖಕ್ಕೆ ಬಡಿದಾಗ ಗುಡಿಸಲ ಮಾಲಿಕ ಹಂಡೆ ತನ್ನದೆಂದು ನೆನಪಾಗಿ ತಲೆ ಚಚ್ಚಿಕೊಂಡ. ನಾನು ಪಕ್ಕಕ್ಕೆ ಹೋಗಿ ವಾಂತಿ ಮಾಡಿದೆ. ಅದನ್ನೇ ನಾನು ಕಣ್ಣಿಗೊತ್ತಿಕೊಂಡದ್ದು.

ಕೈ ತೊಳೆಯಲು ಸಾಬೂನು, ನೀರು ಅಂದಿನಿಂದ ಸಂತೆಯಲ್ಲಿ ಬಂತು. ಕೆಲವರು ಬೈದುಕೊಂಡು ತೊಳೆದರು. ನೀವೂ ಬೈದುಕೊಂಡೇ ತೊಳೆಯಿರಿ, ಅಡ್ಡಿಯಿಲ್ಲ.

ಆದರೆ ಒಂದು ಕೆಲಸ ಉಳಿದಿತ್ತು. ಮುಂದಿನ ಸಂತೆಗೆ ಶಿವಲಿಂಗಪ್ಪನವರು ಇನ್ನೊಂದು ಹೋರಿ ಹಿಡಿದು ಬಂದರು. ನಾನು ನೇರವಾಗಿ ಹೋಗಿ, "ಅಪ್ಪಾರ, ಆವತ್ತು ನನ್ನ ಕೈಯಾಗ ಕಜ್ಜಿ ಇತ್ತು. ಕೀವೂ ಇತ್ತು. ಹೇಳದೇ ಹಿಡದೆ" ಅಂದೆ.

"ಗೊತ್ತಾತು" ಅಂದರು. "ಮುಟ್ಟಿದ ಕೂಡ್ಲೇ. ಹಸಿ ಇತ್ತು."

"ಮತ್ತ ಯಾಕ ಕೈ ಕೊಟ್ರಿ?"

"ಹೋರಿ ಹೋಗಬೇಕಾಗಿತ್ತು. ನೀ ಹಿಡದ ಬೆರಳೂ ಛಲೋ ಇತ್ತು." ಅವರು ಹೋರಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಬಿಚ್ಚಿದರು. "ಮನಿಗೆ ಹೋಗಿ ಕೈ ತೊಳಕೊಂಡೆ. ಆದ್ರ ಮೊದಲು ಮೊಮ್ಮಗಳನ್ನ ಎತ್ತಿಕೊಂಡಿದ್ದೆ. ಓಡಿ ಬಂದ್ಲು, ಎತ್ತಿಕೊಂಡೆ. ಈಗ ಅದರ ಮೈ ತುಂಬ."

ಚೀಲದಿಂದ ಎರಡು ಬಾಟಲಿ ತೆಗೆದು ಕೊಟ್ಟೆ. ಲಕ್ಕವ್ವನಿಗೆ ಡಾಕ್ಟರರು ಹೇಳಿದ್ದನ್ನೆಲ್ಲ ಹೇಳಿದೆ: ಕುತ್ತಿಗೆಯಿಂದ ಅಂಗಾಲು, ಕೂಸಿಗೆ ನೀರು ಬೆರೆಸಿ, ಮನೆಯವರೆಲ್ಲ ಒಂದೇ ದಿನ. ಎರಡು ಸಲ ಹೇಳಿಸಿಕೊಂಡರು. ಬಾಟಲಿಗಳನ್ನು ಧೋತರದ ಮಡಿಕೆಯಲ್ಲಿ ಕಟ್ಟಿಕೊಂಡರು. ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಮೂರು ವಾರದ ಮೇಲೆ ಮತ್ತೆ ಬಂದರು. ಆ ಹೋರಿ ಆವತ್ತು ಮಾರಿರಲಿಲ್ಲ. "ಮೊಮ್ಮಗಳು ಹ್ಯಾಂಗದಾಳ?" ಎಂದೆ. "ಆಡ್ಲತ್ತಾಳ" ಅಂದರು, ಅಷ್ಟೇ. ನನ್ನ ಕಟ್ಟು ಬಿಚ್ಚಿದ ಮೇಲೆ ಅದು ನನ್ನ ಮೊದಲ ವ್ಯಾಪಾರ. ಈ ಕೈಯನ್ನು ಸಂತೆ ಇಟ್ಟುಕೊಳ್ಳುತ್ತದೋ ಬಿಡುತ್ತದೋ ಆವತ್ತು ಗೊತ್ತಾಗಬೇಕಾಗಿತ್ತು. ಸುತ್ತ ಮಂದಿ ಕೂಡಿದರು. ಇಬ್ಬರೂ ಸಾಬೂನು ಹಚ್ಚಿ ತೊಳೆದುಕೊಂಡು ಹೊಸ ರುಮಾಲಿನ ಕೆಳಗೆ ಕೈ ಹಾಕಿದೆವು.

ಅವರು ಅಂಕಿ ಹಿಡಿದರು. ನಾನು ಮರು ಅಂಕಿ ಹಿಡಿಯಬೇಕು, ಅದಕ್ಕೆ ಕೊನೆಯ ಎರಡು ಬೆರಳು ಮಡಚಬೇಕು. ಮಡಚಲಿಲ್ಲ. ಎಡಗೈಯಿಂದ ಒತ್ತಿ ಮಡಚೋಣವೆಂದರೆ ಎಡಗೈ ಒಳಗೆ ಹಾಕುವಂತಿಲ್ಲ. ಬೆವರು ಬಂತು. ಮತ್ತೆ ಪ್ರಯತ್ನಿಸಿದೆ, ಬೆರಳುಗಳು ಅವರ ಅಂಗೈಗೆ ಎರಡು ಕಡ್ಡಿಯ ಹಾಗೆ ಚುಚ್ಚಿದವು. ಹಿಂದಿನಿಂದ ಯಾರೋ, "ಮುಗೀತು ಇವಂದು" ಅಂದ. ಇನ್ನೊಬ್ಬ ನಕ್ಕ.

ಶಿವಲಿಂಗಪ್ಪನವರು ನನ್ನ ಬೆರಳುಗಳನ್ನು ಒಮ್ಮೆ ಪೂರ್ತಿ ಸವರಿದರು. ಆಮೇಲೆ ಕೈ ಹೊರಗೆ ತೆಗೆದು, ರುಮಾಲನ್ನು ಎತ್ತಿ ಹೋರಿಯ ಬೆನ್ನ ಮೇಲೆ ಒಗೆದರು. ನನ್ನ ಕೈ ಮಂದಿಯ ಮುಂದೆ ಬೆತ್ತಲೆ ನಿಂತಿತು, ಗಾಯದ ಕಲೆ, ನೆಟ್ಟನೆಯ ಬೆರಳು, ಎಲ್ಲವೂ ಬಿಸಿಲಿಗೆ. ಅವರು ತಮ್ಮ ಬೆಲೆಯನ್ನು ಬಾಯಿಂದ ಹೇಳಿದರು. ದೊಡ್ಡ ದನಿಯಲ್ಲಿ. ಆ ಸಂತೆಯಲ್ಲಿ ಅಲ್ಲಿಯ ತನಕ ಯಾರೂ ಹಾಗೆ ಹೇಳಿರಲಿಲ್ಲ. ನಗುತ್ತಿದ್ದವನು ಬಾಯಿ ಮುಚ್ಚಿದ.

ಆದರೆ ಅವರು ಹೇಳಿದ ಬೆಲೆ ಆ ಹೋರಿಗೆ ಬಹಳ ಹೆಚ್ಚಾಗಿತ್ತು. ಹಿಂಗಾಲಿನ ಗೊರಸು ಸೀಳಿತ್ತು, ನಾನು ನೋಡಿದ್ದೆ.

"ಭಾಳಾತು ಅಪ್ಪಾರ" ಅಂದೆ, ಇಡೀ ಸಂತೆಗೆ ಕೇಳುವ ಹಾಗೆ.